ಮುಳ್ಳು ನಡುಗಿದಾಗ: ತರಬೇತಿ ವಿಮಾನಗಳ ಮಾಪಕಗಳು ಮತ್ತು ನಮ್ಮ ಮನೆಯ ಮಕ್ಕಳು

2025ರ ಅಕ್ಟೋಬರ್ ಹೊತ್ತಿಗೆ ಕೇಂದ್ರ ಸರಕಾರದ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ, ಅಂದರೆ ಡಿಜಿಸಿಎ, ದೇಶದ ವೈಮಾನಿಕ ತರಬೇತಿ ಸಂಸ್ಥೆಗಳನ್ನು ಮೊತ್ತಮೊದಲ ಬಾರಿಗೆ ದರ್ಜೆಗಳಲ್ಲಿ ವಿಂಗಡಿಸಿ ಪಟ್ಟಿಯೊಂದನ್ನು ಹೊರಡಿಸಿತು. ಒಟ್ಟು 35 ಸಂಸ್ಥೆಗಳು. ಮೇಲ್ದರ್ಜೆಗೆ ಅವುಗಳಲ್ಲಿ ಒಂದೂ ಏರಲಿಲ್ಲ. 13 ಸಂಸ್ಥೆಗಳು 'ಬಿ' ದರ್ಜೆಯಲ್ಲಿಯೂ ಉಳಿದ 22 'ಸಿ' ದರ್ಜೆಯಲ್ಲಿಯೂ ನಿಂತವು. ಶಾಲೆಯ ಅಂಕಪಟ್ಟಿಯನ್ನು ಕಂಡು ಗಾಬರಿಗೊಳ್ಳುವ ನಮ್ಮ ಮಧ್ಯಮವರ್ಗದ ಮನೆಗಳಲ್ಲಿ ಈ ಪಟ್ಟಿ ಅಷ್ಟಾಗಿ ಚರ್ಚೆಗೆ ಬರಲಿಲ್ಲವೆಂಬುದು ನನಗೆ ಸ್ವಲ್ಪ ಆಶ್ಚರ್ಯವನ್ನೇ ತಂದಿತು. ಏಕೆಂದರೆ ಮಾಟುಂಗಾ, ಮುಲುಂಡ್, ಡೊಂಬಿವಲಿಗಳ ನಮ್ಮ ಕುಟುಂಬಗಳಲ್ಲಿ ಈಗ ಇಂಜಿನಿಯರಿಂಗ್ ಮತ್ತು ಚಾರ್ಟರ್ಡ್ ಅಕೌಂಟೆನ್ಸಿಯ ಜೊತೆಗೆ ಮೂರನೆಯ ಮಾತೊಂದು ಸೇರಿಕೊಂಡಿದೆ: 'ಮಗ ಪೈಲಟ್ ಆಗಬೇಕೆನ್ನುತ್ತಾನೆ', 'ಮಗಳಿಗೆ ಹಾರುವುದೇ ಹುಚ್ಚು'.

ಹುಚ್ಚು ಹಿಡಿಯಲು ಕಾರಣವೂ ಉಂಟು. 2023ರ ಫೆಬ್ರವರಿಯಲ್ಲಿ ಏರ್ ಇಂಡಿಯಾ 470 ವಿಮಾನಗಳಿಗೆ ಬೇಡಿಕೆ ಸಲ್ಲಿಸಿತು; ಅದೇ ವರ್ಷ ಜೂನ್‌ನಲ್ಲಿ ಇಂಡಿಗೋ ಒಂದೇ ಸಲಕ್ಕೆ 500 ವಿಮಾನಗಳಿಗೆ ಸಹಿ ಹಾಕಿತು. ಇಷ್ಟು ವಿಮಾನಗಳನ್ನು ಹಾರಿಸುವವರು ಯಾರು ಎಂಬ ಪ್ರಶ್ನೆ ಸಹಜವಾಗಿಯೇ ತರಬೇತಿ ಶಾಲೆಗಳ ಬಾಗಿಲಿಗೆ ಬಂದು ನಿಂತಿತು. ವಾಣಿಜ್ಯ ಪೈಲಟ್ ಪರವಾನಗಿಗೆ ನಮ್ಮ ದೇಶದಲ್ಲಿ 200 ಗಂಟೆಗಳ ಹಾರಾಟ ಬೇಕು. ಆ 200 ಗಂಟೆಗಳ ಬಹುಪಾಲು ಕಳೆಯುವುದು ಎರಡು ಅಥವಾ ನಾಲ್ಕು ಆಸನಗಳ, ಒಂದೇ ಎಂಜಿನ್ನಿನ ಪುಟ್ಟ ವಿಮಾನದಲ್ಲಿ. ದಿನಕ್ಕೆ ಹಲವು ವಿದ್ಯಾರ್ಥಿಗಳ ಕೈ ಬದಲಾಗುವ, ಬಿಸಿಲಿನಲ್ಲಿ ನಿಂತೇ ಇರುವ, ಕೆಲವೊಮ್ಮೆ ವಿದ್ಯಾರ್ಥಿಗಿಂತ ವಯಸ್ಸಿನಲ್ಲಿ ಹಿರಿದಾದ ವಿಮಾನವದು. ಮನೆಯ ಮೇಲೆ ಸಾಲ ತೆಗೆದು ಶುಲ್ಕ ಕಟ್ಟುವ ತಂದೆತಾಯಿಯರು ಶಾಲೆಯ ಕಟ್ಟಡವನ್ನು ನೋಡುತ್ತಾರೆ, ಹಾಸ್ಟೆಲಿನ ಊಟವನ್ನು ವಿಚಾರಿಸುತ್ತಾರೆ. ವಿಮಾನದ ಫಲಕದ ಮೇಲಿನ ಮುಳ್ಳುಗಳು ಸ್ಥಿರವಾಗಿ ನಿಲ್ಲುತ್ತವೆಯೇ ಎಂದು ಕೇಳುವವರನ್ನು ನಾನು ಕಂಡಿಲ್ಲ.

ನಾನು ಮೂವತ್ತು ವರ್ಷಗಳಿಗೂ ಮಿಕ್ಕಿ ವಿಮಾನಗಳ ಉಪಕರಣ ವಿಭಾಗದಲ್ಲಿ ದುಡಿದು ನಿವೃತ್ತನಾದವನು. ಆದುದರಿಂದ ಈ ಪ್ರಶ್ನೆ ನನಗೆ ಸಹಜವಾಗಿಯೇ ಬರುತ್ತದೆ. ಆದರೆ ಅದನ್ನು ಇಲ್ಲಿ ಬರೆಯಬೇಕೆನಿಸಿದ್ದು ನನ್ನ ತಂಗಿಯ ಮಗಳ ದೂರವಾಣಿ ಕರೆಯಿಂದ. ಆಕೆ ಬೇರೊಂದು ರಾಜ್ಯದ ತರಬೇತಿ ಸಂಸ್ಥೆಯೊಂದರಲ್ಲಿ ಕಲಿಯುತ್ತಿದ್ದಳು. ಸಂಸ್ಥೆಯ ಹೆಸರು ಇಲ್ಲಿ ಬೇಡ.

"ಮಾವ, ಎಡಗಡೆಯ ಟ್ಯಾಂಕಿನ ಮುಳ್ಳು ಅಲ್ಲಾಡ್ತದೆ. ಲ್ಯಾಂಡಿಂಗ್ ಲೈಟ್ ಹಾಕಿದ ಕೂಡಲೇ ಕೆಳಗೆ ಬೀಳ್ತದೆ. ಇನ್‌ಸ್ಟ್ರಕ್ಟರ್ ಹೇಳ್ತಾರೆ, ಈ ವಿಮಾನದ್ದು ಹಾಗೇ, ನಿನಗೂ ಅಭ್ಯಾಸ ಆಗ್ತದೆ ಅಂತ."

ಅಭ್ಯಾಸವಾಗುತ್ತದೆ ಎಂಬ ಆ ಒಂದು ಮಾತು ಆ ರಾತ್ರಿ ನನ್ನ ನಿದ್ರೆ ಕೆಡಿಸಿತು.

ಇಂಧನದ ಮಾಪಕ ಹೇಗೆ ಕೆಲಸ ಮಾಡುತ್ತದೆಂಬುದನ್ನು ಸ್ವಲ್ಪ ವಿವರಿಸುತ್ತೇನೆ. ಹಳೆಯ ಲಘು ವಿಮಾನಗಳ ರೆಕ್ಕೆಯ ಟ್ಯಾಂಕಿನೊಳಗೆ ಒಂದು ತೇಲುಗುಂಡು ಇರುತ್ತದೆ. ಪೆಟ್ರೋಲಿನ ಮಟ್ಟ ಇಳಿದಂತೆ ಅದೂ ಇಳಿದು, ತನಗೆ ಅಂಟಿಕೊಂಡ ಒಂದು ವಿದ್ಯುತ್ ಪ್ರತಿರೋಧವನ್ನು ಬದಲಿಸುತ್ತದೆ. ನಮ್ಮ ಹಳೆಯ ಸ್ಕೂಟರು, ಕಾರುಗಳಲ್ಲಿಯೂ ಇದೇ ಏರ್ಪಾಡು. ಫಲಕದ ಮೇಲಿನ ಮುಳ್ಳು ಅಳೆಯುವುದು ಪೆಟ್ರೋಲನ್ನಲ್ಲ, ಆ ಪ್ರತಿರೋಧವನ್ನು. ಮಾಪಕದಿಂದ ಟ್ಯಾಂಕಿನವರೆಗೆ ಒಂದು ತಂತಿ ಹೋಗುತ್ತದೆ; ಹಿಂದಿರುಗುವ ದಾರಿಗೆ ಪ್ರತ್ಯೇಕ ತಂತಿಯಿರುವುದಿಲ್ಲ, ವಿಮಾನದ ಲೋಹದ ಒಡಲೇ ಆ ದಾರಿ. ಇದಕ್ಕೆ ನಾವು 'ಅರ್ತ್' ಎನ್ನುತ್ತೇವೆ. ಅಂದರೆ ಸೆಂಡರಿನ ತಿರುಪು, ಅದರ ಕೆಳಗಿನ ವಾಷರು, ರೆಕ್ಕೆಯ ಬುಡದಲ್ಲಿರುವ ಬೆಸುಗೆಪಟ್ಟಿ ಇವೆಲ್ಲವೂ ಮಾಪಕದ ಭಾಗಗಳೇ. ತಿರುಪಿನ ಕೆಳಗೆ ಬಣ್ಣದ ಒಂದು ಪದರ ಸೇರಿಕೊಂಡರೆ, ಮಳೆಗಾಲದ ತೇವಕ್ಕೆ ಅಲ್ಯೂಮಿನಿಯಂ ಬಿಳಿಪುಡಿ ಕಟ್ಟಿದರೆ, ಆ ದಾರಿಯಲ್ಲಿ ಇಲ್ಲದ ಪ್ರತಿರೋಧವೊಂದು ಹುಟ್ಟುತ್ತದೆ. ಮುಳ್ಳಿಗೆ ಅದೂ ಪೆಟ್ರೋಲಿನ ಲೆಕ್ಕವೇ.

ದೀಪ ಹಾಕಿದಾಗ ಮುಳ್ಳು ಬೀಳುವುದೇಕೆ? ರೆಕ್ಕೆಯ ದೀಪವೂ ತನ್ನ ವಿದ್ಯುತ್ತನ್ನು ಅದೇ ಲೋಹದ ದಾರಿಯಿಂದ ಹಿಂದಕ್ಕೆ ಕಳುಹಿಸುತ್ತದೆ. 12 ವೋಲ್ಟಿನ ವ್ಯವಸ್ಥೆಯಲ್ಲಿ 100 ವಾಟ್‌ನ ಹಳೆಯ ದೀಪವೊಂದು ಎಂಟು ಆಂಪಿಯರಿನಷ್ಟು ಎಳೆಯುತ್ತದೆ. ಹದಗೆಟ್ಟ ಜೋಡಣೆಯಲ್ಲಿ ಓಮ್‌ನ ಹತ್ತನೆಯ ಒಂದು ಭಾಗದಷ್ಟು ಪ್ರತಿರೋಧವಿದ್ದರೂ ಸಾಕು, ಅಲ್ಲಿ 0.8 ವೋಲ್ಟ್ ನಷ್ಟವಾಗುತ್ತದೆ. ಅದೇ ಜೋಡಣೆಯನ್ನು ನೆಚ್ಚಿಕೊಂಡ ಇಂಧನ ಮಾಪಕ ಆ 0.8 ವೋಲ್ಟನ್ನೂ ತನ್ನ ಲೆಕ್ಕಕ್ಕೆ ಸೇರಿಸಿಕೊಂಡು ಸುಳ್ಳು ಹೇಳುತ್ತದೆ. ಆದುದರಿಂದ ಹುಡುಗಿ ಹೇಳಿದ ಆ ಒಂದು ವಾಕ್ಯದಲ್ಲಿಯೇ ರೋಗದ ಪತ್ತೆ ಅರ್ಧ ಆಗಿತ್ತು. ಮಾಪಕ ಬದಲಿಸಬೇಕಿಲ್ಲ, ಸೆಂಡರನ್ನು ತೆಗೆಯಬೇಕಿಲ್ಲ; ಮೊದಲು ನೋಡಬೇಕಾದುದು ಎಡ ರೆಕ್ಕೆಯ ಅರ್ತ್.

ಇದನ್ನು ಪರೀಕ್ಷಿಸುವ ಬಗೆಯೂ ಸರಳ. ವಿಮಾನ ನೆಲದ ಮೇಲಿರುವಾಗ, ಪರವಾನಗಿಯುಳ್ಳ ನಿರ್ವಹಣಾ ಇಂಜಿನಿಯರು, ಪೆಟ್ರೋಲಿನ ಆವಿ ಇರುವೆಡೆ ಕಿಡಿ ಹಾರದಂತೆ ಎಚ್ಚರವಹಿಸಿ, ದೀಪ ಉರಿಯುತ್ತಿರುವಾಗಲೇ ಸೆಂಡರಿನ ಲೋಹಕ್ಕೂ ಬ್ಯಾಟರಿಯ ಋಣ ತುದಿಗೂ ನಡುವೆ ಮೀಟರ್ ಹಿಡಿಯಬೇಕು. ಜೋಡಣೆ ಸರಿಯಿದ್ದರೆ ಮೀಟರ್ ಶೂನ್ಯದ ಆಸುಪಾಸಿನಲ್ಲಿಯೇ ಇರುತ್ತದೆ. ದೀಪ ಆರಿಸಿ ಹಿಡಿದರೆ ಪ್ರಯೋಜನವಿಲ್ಲ, ಏಕೆಂದರೆ ಆಗ ಹರಿಯುವ ವಿದ್ಯುತ್ತು ಅತ್ಯಲ್ಪ, ನಷ್ಟವೂ ಕಾಣದಷ್ಟು ಅಲ್ಪ. ಬಹುಪಾಲು ಕಾರ್ಯಾಗಾರಗಳಲ್ಲಿ ತಪ್ಪುವುದು ಇಲ್ಲಿಯೇ. ಎಂಜಿನ್ ನಿಂತಿರುತ್ತದೆ, ದೀಪಗಳು ಆರಿರುತ್ತವೆ, ರೆಕ್ಕೆ ಅಲುಗುವುದಿಲ್ಲ. ಮುಳ್ಳು ಶಿಸ್ತಿನ ಸಿಪಾಯಿಯಂತೆ ನಿಂತಿರುತ್ತದೆ. ಪುಸ್ತಕದಲ್ಲಿ ಬರೆಯುತ್ತಾರೆ: 'ನೆಲದ ಮೇಲೆ ಪರೀಕ್ಷಿಸಲಾಗಿದೆ, ತೃಪ್ತಿಕರ.' ಮರುದಿನ ಆಕಾಶದಲ್ಲಿ ಅದೇ ಕತೆ.

ಇನ್ನು ಕೆಲವು ವಿಮಾನಗಳಲ್ಲಿ ಪೈಲಟ್ ರೇಡಿಯೋದಲ್ಲಿ ಮಾತನಾಡಲು ಗುಂಡಿ ಒತ್ತಿದ ಕ್ಷಣ ಮಾಪಕಗಳು ಜಿಗಿಯುತ್ತವೆ. ಅಲ್ಲಿ ಅಪರಾಧಿ ಹೆಚ್ಚಾಗಿ ರೇಡಿಯೋದ ಆಂಟೆನಾ ತಂತಿ, ಅದರ ಹೊರಕವಚದ ಜೋಡಣೆ, ಅಥವಾ ಮಾಪಕದ ತಂತಿ ಆ ಕೇಬಲ್ಲಿಗೆ ಅಂಟಿಕೊಂಡು ಓಡಿರುವುದು. ಆಮ್ಮೀಟರಿನ ಮುಳ್ಳು ಒಂದೇ ಲಯದಲ್ಲಿ ತೂಗಾಡುತ್ತಿದ್ದರೆ ವೋಲ್ಟೇಜ್ ರೆಗ್ಯುಲೇಟರಿನ ಜೋಡಣೆಯನ್ನೂ ಆಲ್ಟರ್ನೇಟರಿನ ಪಟ್ಟಿಯನ್ನೂ ನೋಡಬೇಕು. ವಿವರ ಬೆಳೆಸಿದರೆ ಇದು ಪಠ್ಯಪುಸ್ತಕವಾದೀತು.

ಆದರೆ ಒಂದು ಸೂತ್ರವನ್ನು ಮಾತ್ರ ಬಿಡಲಾರೆ. ಅದನ್ನು ನನಗೆ ಕಲಿಸಿದವರು ಕಾರ್ಯಾಗಾರದ ಒಬ್ಬ ಹಿರಿಯ ಫೋರ್‌ಮನ್. ಎಲ್ಲ ಮುಳ್ಳುಗಳೂ ಒಟ್ಟಿಗೆ ಕುಣಿದರೆ ಅವೆಲ್ಲಕ್ಕೂ ಸಾಮಾನ್ಯವಾದುದನ್ನು ಹುಡುಕು: ವಿದ್ಯುತ್ ಪೂರೈಕೆ, ಅರ್ತ್, ಒಂದೇ ಕನೆಕ್ಟರು. ಒಂದೇ ಮುಳ್ಳು ಕುಣಿದರೆ ಆ ಸಂವೇದಕವನ್ನೂ ಅದರ ತಂತಿಯನ್ನೂ ಹುಡುಕು. ಆದರೆ ಪರಸ್ಪರ ಸಂಬಂಧವುಳ್ಳ ಎರಡು ಮುಳ್ಳುಗಳು ಒಂದಕ್ಕೊಂದು ಒಪ್ಪುವಂತೆ ಚಲಿಸಿದರೆ, ಉದಾಹರಣೆಗೆ ಎಣ್ಣೆಯ ಒತ್ತಡ ಇಳಿಯುತ್ತ ಎಣ್ಣೆಯ ಉಷ್ಣತೆ ಏರುತ್ತಿದ್ದರೆ, ಮಾಪಕವನ್ನು ಸಂಶಯಿಸಬೇಡ, ಎಂಜಿನನ್ನು ನಂಬು. ತತ್‌ಕ್ಷಣ ಇಳಿಯುವ ಜಾಗ ನೋಡು. ಒತ್ತಡ ಒಂದೇ ಜಿಗಿದಾಡುತ್ತಿದ್ದು ಉಷ್ಣತೆ ಕದಲದಿದ್ದರೆ ದೋಷ ಬಹುಶಃ ಸಂವೇದಕದ್ದು. 'ಬಹುಶಃ' ಎಂದರೆ ಹಾರುತ್ತಲೇ ಇರು ಎಂದರ್ಥವಲ್ಲ, ಹತ್ತಿರದ ನಿಲ್ದಾಣದಲ್ಲಿ ಇಳಿದು ಆ ಬಹುಶಃವನ್ನು ಅಳಿಸಿಕೊ ಎಂದು.

ಎಂಜಿನ್ನಿನ ಸಿಲಿಂಡರ್ ತಲೆಯ ಉಷ್ಣತೆಯನ್ನು ಅಳೆಯುವ ಥರ್ಮೋಕಪಲ್‌ಗಳ ವಿಷಯವೂ ಕುತೂಹಲಕರ. ಎರಡು ಬೇರೆ ಬೇರೆ ಲೋಹದ ತಂತಿಗಳ ಬೆಸುಗೆಯನ್ನು ಬಿಸಿ ಮಾಡಿದರೆ ಅತ್ಯಲ್ಪ ವಿದ್ಯುತ್ತು ಹುಟ್ಟುತ್ತದೆ, ವೋಲ್ಟಿನ ಸಾವಿರದ ಕೆಲವು ಭಾಗದಷ್ಟು. ಇಷ್ಟು ಸೂಕ್ಷ್ಮವಾದುದಕ್ಕೆ ಸಡಿಲವಾದ ಒಂದು ಕೊಂಡಿ, ರಿಪೇರಿಯ ಅವಸರದಲ್ಲಿ ನಡುವೆ ಸೇರಿಸಿದ ತಾಮ್ರದ ತಂತಿ ಸಾಕು, ಓದು ತಪ್ಪುತ್ತದೆ. ಇಲ್ಲಿ ತರ್ಕವೊಂದು ನೆರವಿಗೆ ಬರುತ್ತದೆ. ಸಿಲಿಂಡರ್ ತಲೆಯೆಂದರೆ ಕೆಲವು ಕಿಲೋ ತೂಕದ ಲೋಹ. ಅದು ಒಂದೇ ಕ್ಷಣದಲ್ಲಿ 50 ಡಿಗ್ರಿ ಏರಿ ಮರುಕ್ಷಣ 50 ಡಿಗ್ರಿ ಇಳಿಯಲಾರದು. ಒಲೆಯ ಮೇಲಿನ ದೋಸೆಕಾವಲಿಯ ಸ್ವಭಾವ ಬಲ್ಲ ಯಾವ ಗೃಹಿಣಿಯೂ ಇದನ್ನು ಹೇಳಿಯಾಳು. ಹಾಗೆ ಜಿಗಿದರೆ ಅದು ತಂತಿಯ ಜಿಗಿತ. ಖಚಿತಪಡಿಸಿಕೊಳ್ಳಲು ಎರಡು ಸಿಲಿಂಡರುಗಳ ಸಂವೇದಕಗಳನ್ನು ಪರಸ್ಪರ ಅದಲುಬದಲು ಮಾಡುತ್ತಾರೆ. ದೋಷವು ಸಂವೇದಕದ ಜೊತೆಗೇ ಸ್ಥಳ ಬದಲಿಸಿದರೆ ಸಂವೇದಕ ಕೆಟ್ಟಿದೆ. ಹಳೆಯ ಜಾಗದಲ್ಲಿಯೇ ಉಳಿದರೆ ತಂತಿಯನ್ನೋ, ನಿಜವಾಗಿಯೂ ಆ ಸಿಲಿಂಡರನ್ನೋ ನೋಡಬೇಕು. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು. ಮೂರನ್ನು ಒಟ್ಟಿಗೆ ಬದಲಿಸಿ 'ಸರಿಯಾಯಿತು' ಎನ್ನುವವನಿಗೆ ಯಾವುದರಿಂದ ಸರಿಯಾಯಿತೆಂದು ತಿಳಿಯದು, ಮತ್ತೆ ಕೆಟ್ಟಾಗ ಎಲ್ಲಿಂದ ಆರಂಭಿಸಬೇಕೆಂದೂ ತಿಳಿಯದು.

ವೇಗ ಮತ್ತು ಎತ್ತರದ ಮಾಪಕಗಳದು ಬೇರೆಯೇ ಕುಲ. ಇವಕ್ಕೆ ಹಳೆಯ ವಿಮಾನಗಳಲ್ಲಿ ವಿದ್ಯುತ್ತೇ ಬೇಡ, ಗಾಳಿಯೇ ಸಾಕು. ರೆಕ್ಕೆಯ ಕೆಳಗೆ ಮುಂದಕ್ಕೆ ಚಾಚಿದ ಪಿಟೋ ಕೊಳವೆ ಎದುರುಗಾಳಿಯ ಒತ್ತಡವನ್ನೂ, ಒಡಲಿನ ಬದಿಯ ಸಣ್ಣ ರಂಧ್ರ ನಿಶ್ಚಲ ಗಾಳಿಯ ಒತ್ತಡವನ್ನೂ ಒಳಗೆ ಒಯ್ಯುತ್ತವೆ. ಇವೆರಡರ ವ್ಯತ್ಯಾಸವೇ ವೇಗ. ಮಳೆಯಲ್ಲಿ ನಿಂತ ವಿಮಾನದ ಕೊಳವೆಯಲ್ಲಿ ಒಂದೆರಡು ಹನಿ ನೀರು ಉಳಿದರೆ ವೇಗದ ಮುಳ್ಳು ನಡುಗುತ್ತದೆ. ಪಕ್ಕದ ರಂಧ್ರ ಮುಚ್ಚಿಹೋದರೆ ಎತ್ತರದ ಮುಳ್ಳು ಇದ್ದಲ್ಲಿಯೇ ಹೆಪ್ಪುಗಟ್ಟುತ್ತದೆ. ವೇಗದ ಮುಳ್ಳಾದರೋ ಏರುವಾಗ ಕಡಿಮೆ, ಇಳಿಯುವಾಗ ಹೆಚ್ಚು ತೋರಿಸುತ್ತದೆ. ಪಿಟೋ ಕೊಳವೆಯೂ ಅದರ ನೀರು ಸೋರುವ ತೂತೂ ಎರಡೂ ಮುಚ್ಚಿದರೆ ಇನ್ನೂ ವಿಚಿತ್ರ: ವಿಮಾನ ಏರಿದಷ್ಟೂ ವೇಗ ಹೆಚ್ಚುತ್ತಿರುವಂತೆ ಕಾಣುತ್ತದೆ. ಹೆದರಿದ ಪೈಲಟ್ ವೇಗ ತಗ್ಗಿಸಲು ಮೂತಿ ಮೇಲೆತ್ತುತ್ತಾನೆ. ನಿಜವಾದ ವೇಗ ಆಗಲೇ ಅಪಾಯದ ಮಟ್ಟಕ್ಕೆ ಇಳಿದಿರುತ್ತದೆ. ಇಂಥ ಕೊಳವೆಯನ್ನು ಶುಚಿ ಮಾಡಲು ಹೊರಟವನು ಮಾಪಕವನ್ನು ಕಳಚದೆಯೇ ಪಂಪಿನ ಗಾಳಿ ಊದಿದರೆ ಮಾಪಕದೊಳಗಿನ ಕಾಗದದಂಥ ತೆಳು ಲೋಹದ ಡಬ್ಬಿ ಹರಿದುಹೋಗುತ್ತದೆ. ನನ್ನ ಸೇವಾವಧಿಯಲ್ಲಿ ಹೀಗೆ ಕೆಟ್ಟ ಮಾಪಕಗಳನ್ನು ನಾನು ಎಣಿಸಲಾರದಷ್ಟು ಕಂಡಿದ್ದೇನೆ.

ದೊಡ್ಡ ವಿಮಾನಗಳೂ ಇದಕ್ಕೆ ಹೊರತಲ್ಲ. 1996ರ ಫೆಬ್ರವರಿ 6ರಂದು ಡೊಮಿನಿಕನ್ ಗಣರಾಜ್ಯದಿಂದ ಹೊರಟ ಬರ್ಗನೇರ್ ಸಂಸ್ಥೆಯ ಬೋಯಿಂಗ್ 757 ಸಮುದ್ರಕ್ಕೆ ಬಿದ್ದು 189 ಜನ ತೀರಿಕೊಂಡರು. ಹಲವು ದಿನ ನೆಲದ ಮೇಲೆ ನಿಂತಿದ್ದ ಆ ವಿಮಾನದ ಒಂದು ಪಿಟೋ ಕೊಳವೆ ಮುಚ್ಚಿಹೋಗಿತ್ತು; ಮಣ್ಣಿನ ಗೂಡು ಕಟ್ಟುವ ಕಣಜವೇ ಕಾರಣವಿರಬಹುದೆಂದು ತನಿಖೆಗಾರರು ಭಾವಿಸಿದರು. ಅದೇ ವರ್ಷ ಅಕ್ಟೋಬರ್ 2ರಂದು ಪೆರು ದೇಶದಲ್ಲಿ ಇನ್ನೊಂದು 757 ಬಿತ್ತು, 70 ಸಾವು. ವಿಮಾನ ತೊಳೆಯುವಾಗ ಪಕ್ಕದ ರಂಧ್ರಗಳಿಗೆ ಅಂಟಿಸಿದ ಟೇಪನ್ನು ತೆಗೆಯಲು ಮರೆತಿದ್ದರು. 2009ರ ಜೂನ್ 1ರಂದು ಅಟ್ಲಾಂಟಿಕ್ ಸಾಗರದಲ್ಲಿ ಮುಳುಗಿದ ಏರ್ ಫ್ರಾನ್ಸ್ 447ರ 228 ಜನರ ದುರಂತ ಆರಂಭವಾದದ್ದೂ ಪಿಟೋ ಕೊಳವೆಗಳಲ್ಲಿ ಕಟ್ಟಿಕೊಂಡ ಹಿಮದಿಂದ. ಹಿಮ ಕರಗಲು ಹೆಚ್ಚು ಹೊತ್ತೇನೂ ಹಿಡಿಯಲಿಲ್ಲ; ಆದರೆ ಅಷ್ಟರಲ್ಲಿ ಪೈಲಟ್‌ಗಳು ದಾರಿ ತಪ್ಪಿದ್ದರು.

ಇವುಗಳಿಗಿಂತಲೂ ನನ್ನ ಸೊಸೆಗೆ ನಾನು ಹೇಳಿದ್ದು ಬೇರೆ ಕತೆ. ಅದರಲ್ಲಿ ಯಾರೂ ಸಾಯಲಿಲ್ಲ. 1983ರ ಜುಲೈ 23ರಂದು ಏರ್ ಕೆನಡಾದ ಹೊಚ್ಚಹೊಸ ಬೋಯಿಂಗ್ 767 ವಿಮಾನವೊಂದರ ಇಂಧನ ಎಣಿಕೆಯ ಯಂತ್ರದಲ್ಲಿ ಸರಿಯಾಗಿ ಕೂಡಿಕೊಳ್ಳದ ಒಂದು ಬೆಸುಗೆಯಿತ್ತು. ಒಮ್ಮೆ ಸರಿ, ಒಮ್ಮೆ ಕೆಡುಕು. ಹಿಂದಿನ ನಿಲ್ದಾಣದ ಇಂಜಿನಿಯರೊಬ್ಬರು ಕೆಟ್ಟ ಭಾಗದ ಬ್ರೇಕರನ್ನು ಹೊರಕ್ಕೆಳೆದು ಗುರುತುಪಟ್ಟಿ ಕಟ್ಟಿದರು; ಹಾಗಿದ್ದಾಗ ಮಾಪಕ ಕೆಲಸ ಮಾಡುತ್ತಿತ್ತು. ಮುಂದೆ ಮಾಂಟ್ರಿಯಲ್‌ನಲ್ಲಿ ಇನ್ನೊಬ್ಬರು ಪರೀಕ್ಷೆಗೆಂದು ಆ ಬ್ರೇಕರನ್ನು ಒಳಕ್ಕೆ ತಳ್ಳಿದರು. ಅಷ್ಟರಲ್ಲಿ ಬೇರೆ ಕೆಲಸ ಬಂತು. ಅದನ್ನು ಮತ್ತೆ ಹೊರಗೆಳೆಯುವುದು ಉಳಿದುಹೋಯಿತು. ಗುರುತುಪಟ್ಟಿ ಮಾತ್ರ ಅಲ್ಲಿಯೇ ತೂಗುತ್ತಿತ್ತು. ಪೈಲಟ್‌ಗೆ ಎಲ್ಲ ಮಾಪಕಗಳೂ ಖಾಲಿ ಕಂಡವು. ಹಿಂದಿನವರು ಹೇಳಿದ್ದು ಇದೇ ಸ್ಥಿತಿ ಎಂದು ಅವರು ತಿಳಿದುಕೊಂಡರು. ಇಂಧನವನ್ನು ಕೋಲಿನಿಂದ ಅಳೆದು ಲೆಕ್ಕ ಹಾಕಿದರು. ಕಿಲೋಗ್ರಾಮಿನ ಜಾಗದಲ್ಲಿ ಪೌಂಡಿನ ಗುಣಕ ಸೇರಿತು, ಬೇಕಾದದ್ದರ ಅರ್ಧಕ್ಕಿಂತಲೂ ಕಡಿಮೆ ಇಂಧನ ತುಂಬಿತು. 41,000 ಅಡಿ ಎತ್ತರದಲ್ಲಿ ಎರಡೂ ಎಂಜಿನ್‌ಗಳು ನಿಂತವು. ಗಿಮ್ಲಿ ಎಂಬಲ್ಲಿನ ಹಳೆಯ ವಾಯುನೆಲೆಯಲ್ಲಿ, ಎಂಜಿನ್ನಿಲ್ಲದೆ ಆ ದೊಡ್ಡ ವಿಮಾನವನ್ನು ಗಾಳಿಪಟದಂತೆ ತೇಲಿಸಿ ಇಳಿಸಿದ ಆ ಪೈಲಟ್‌ಗಳನ್ನು ಜಗತ್ತು ಕೊಂಡಾಡಿತು. ನನಗಾದರೋ ಆ ಕತೆಯಲ್ಲಿ ನೆನಪಿನಲ್ಲಿ ಉಳಿಯುವುದು ತೂಗುತ್ತಿದ್ದ ಆ ಗುರುತುಪಟ್ಟಿ. ಆಗೊಮ್ಮೆ ಈಗೊಮ್ಮೆ ಕಾಣುವ ದೋಷ, ಅರ್ಧ ಮಾಡಿದ ಪರೀಕ್ಷೆ, ಬಾಯಿಮಾತಿನಲ್ಲಿ ದಾಟಿಸಿದ ವಿವರ: ಮೂರೂ ಒಂದೇ ಕಡೆ ಕೂಡಿದ್ದವು.

ಈಗಿನ ಹೊಸ ಲಘು ವಿಮಾನಗಳಲ್ಲಿ ಮುಳ್ಳುಗಳ ಜಾಗಕ್ಕೆ ಪರದೆಗಳು ಬಂದಿವೆ. ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯ, ಅಂದರೆ ಎನ್‌ಎಎಲ್, ರೂಪಿಸಿದ ಹಂಸ-ಎನ್‌ಜಿ ಎಂಬ ಎರಡಾಸನದ ತರಬೇತಿ ವಿಮಾನ 2021ರ ಸೆಪ್ಟೆಂಬರ್ 3ರಂದು ಬೆಂಗಳೂರಿನಲ್ಲಿಯೇ ಮೊದಲು ಹಾರಿತು. ಕನ್ನಡನಾಡಿನಲ್ಲಿ ಹುಟ್ಟಿದ ಈ ಹಕ್ಕಿಯ ಫಲಕವೂ ಗಾಜಿನ ಪರದೆಯದೇ. ಅದರ ಬಗ್ಗೆ ನಮಗೆಲ್ಲ ಅಭಿಮಾನವಿರಬೇಕಾದದ್ದೇ. ಆದರೆ ಪರದೆ ಬಂದ ಮಾತ್ರಕ್ಕೆ ತಂತಿ, ತಿರುಪು, ಅರ್ತ್‌ಗಳು ಮಾಯವಾಗುವುದಿಲ್ಲ. ಮುಳ್ಳು ನಡುಗಿದರೆ ಕಣ್ಣಿಗೆ ತಾನಾಗಿಯೇ ಬೀಳುತ್ತಿತ್ತು. ಅಂಕಿಗಳು ಬದಲಾಗುತ್ತಲೇ ಇರುವುದು ಪರದೆಯ ಸ್ವಭಾವವೆಂದು ಕಣ್ಣು ಒಪ್ಪಿಕೊಂಡುಬಿಡುತ್ತದೆ. ಕೆಲವು ಯಂತ್ರಗಳು ಓದನ್ನು ಸರಾಸರಿ ಮಾಡಿ, ನಯಗೊಳಿಸಿ ತೋರಿಸುವುದೂ ಉಂಟು. ಹಳಬನಾದ ನನಗೆ ಇದರಲ್ಲಿ ಸ್ವಲ್ಪ ಅನುಮಾನವಿದೆ. ಹೊಸ ತಲೆಮಾರಿನವರು ನಕ್ಕರೂ ಸರಿಯೆ. ಪರದೆಯ ದೊಡ್ಡ ಉಪಕಾರವೆಂದರೆ ಅದು ಓದುಗಳನ್ನು ದಾಖಲಿಸಿಡುತ್ತದೆ. ಇಳಿದ ಮೇಲೆ ಯಾವ ಕ್ಷಣದಲ್ಲಿ ಯಾವ ಅಂಕಿ ಜಿಗಿಯಿತೆಂದು ತೆಗೆದು ನೋಡಬಹುದು. ನೋಡುವವರಿದ್ದರೆ.

ಮಾಪಕ ಅಸ್ಥಿರವಾಗಲು ಕಾರಣ ವಿಮಾನದೊಳಗೇ ಇರಬೇಕೆಂಬ ನಿಯಮವೂ ಈಗ ಉಳಿದಿಲ್ಲ. ಉಪಗ್ರಹಗಳ ನೆರವಿನಿಂದ ಸ್ಥಾನ ತೋರುವ ಜಿಪಿಎಸ್‌ಗೆ ಹೊರಗಿನಿಂದ ಸುಳ್ಳು ಸಂಕೇತ ಕಳುಹಿಸಿ ದಾರಿ ತಪ್ಪಿಸುವ ಪ್ರಕರಣಗಳು ಹೆಚ್ಚಿವೆ. 2023ರ ನವೆಂಬರ್‌ನಿಂದ 2025ರ ಫೆಬ್ರವರಿಯ ನಡುವೆ ನಮ್ಮ ಗಡಿಪ್ರದೇಶದಲ್ಲಿ, ಮುಖ್ಯವಾಗಿ ಅಮೃತಸರ ಮತ್ತು ಜಮ್ಮುವಿನ ಸುತ್ತ, ಇಂಥ 465 ಘಟನೆಗಳು ವರದಿಯಾದವೆಂದು ಸರಕಾರ ಲೋಕಸಭೆಗೆ ತಿಳಿಸಿತು. 2025ರ ನವೆಂಬರ್‌ನಲ್ಲಿ ದಿಲ್ಲಿಯ ವಿಮಾನ ನಿಲ್ದಾಣದ ಬಳಿಯೇ ಹೀಗಾಯಿತು. ದೊಡ್ಡ ವಿಮಾನಗಳಿಗೆ ನೆಲದ ಹಳೆಯ ರೇಡಿಯೋ ಸಾಧನಗಳೂ ತಮ್ಮದೇ ಆದ ಬೇರೆ ವ್ಯವಸ್ಥೆಗಳೂ ಆಸರೆಗಿವೆ. ಪರದೆಯ ಮೇಲಿನ ನಕ್ಷೆಯನ್ನೇ ನೋಡಿ ಹಾರಲು ಕಲಿತ ವಿದ್ಯಾರ್ಥಿಗೆ ಆಸರೆ ಯಾವುದು? ದಿಕ್ಸೂಚಿ, ಗಡಿಯಾರ, ಕಾಗದದ ನಕ್ಷೆ, ಕಿಟಕಿಯಾಚೆಯ ನದಿ ಮತ್ತು ರೈಲುಹಳಿ. 1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ಕರಾಚಿಯಿಂದ ಅಂಚೆ ಹೊತ್ತು ನಮ್ಮ ಜುಹುವಿಗೆ ಬಂದಿಳಿದಾಗ ಅವರ ಪುಸ್ ಮಾತ್ ವಿಮಾನದಲ್ಲಿ ಇದ್ದುದೂ ಹೆಚ್ಚುಕಡಿಮೆ ಇವೇ.

ಸಮಸ್ಯೆಯ ಬೇರು ಎಲ್ಲಿದೆ ಎಂಬುದಕ್ಕೆ ಬರೋಣ. 2023ರ ಅಕ್ಟೋಬರ್‌ನಲ್ಲಿ ಬಾರಾಮತಿಯ ಬಳಿ ಕೆಲವೇ ದಿನಗಳ ಅಂತರದಲ್ಲಿ ಒಂದೇ ಸಂಸ್ಥೆಯ ಎರಡು ತರಬೇತಿ ವಿಮಾನಗಳು ನೆಲಕ್ಕುರುಳಿದವು. ಡಿಜಿಸಿಎ ಆ ಸಂಸ್ಥೆಯ ತರಬೇತಿಯನ್ನು ಸ್ಥಗಿತಗೊಳಿಸಿತು. ಅವು ಮಾಪಕದ ದೋಷದಿಂದ ಆದವೆಂದು ನಾನು ಹೇಳುತ್ತಿಲ್ಲ. 2025ರ ಜೂನ್ 12ರ ಅಹಮದಾಬಾದ್ ದುರಂತದ ಬಳಿಕ ಎಲ್ಲ ವಿಮಾನ ವಾರ್ತೆಗಳನ್ನೂ ಒಂದೇ ದಾರಕ್ಕೆ ಪೋಣಿಸುವ ಚಟ ಮಾಧ್ಯಮಗಳಿಗೆ ಅಂಟಿಕೊಂಡಿದೆ. ಅದು ನಮಗೆ ಬೇಡ. ನಾನು ಹೇಳುವುದು ಇಷ್ಟೇ: ಶಾಲೆಯ ಆದಾಯ ಹಾರಾಟದ ಗಂಟೆಗಳಿಂದ ಬರುತ್ತದೆ. ವಿಮಾನ ನಿಂತರೆ ಆದಾಯ ನಿಲ್ಲುತ್ತದೆ. ವಿದ್ಯಾರ್ಥಿಯ ಗಂಟೆಗಳೂ ನಿಲ್ಲುತ್ತವೆ, ಪರವಾನಗಿ ತಡವಾಗುತ್ತದೆ, ಬ್ಯಾಂಕಿನ ಬಡ್ಡಿ ಮಾತ್ರ ನಿಲ್ಲುವುದಿಲ್ಲ. ಹೀಗಾಗಿ ಅಲ್ಲಾಡುವ ಮುಳ್ಳನ್ನು ಟೆಕ್ ಲಾಗ್ ಪುಸ್ತಕದಲ್ಲಿ ಬರೆಯದಿರುವುದು ಎಲ್ಲರಿಗೂ ಅನುಕೂಲ. ಬರೆದರೆ ಇಂಜಿನಿಯರು ಸಹಿ ಹಾಕುವತನಕ ವಿಮಾನ ಹಾರುವಂತಿಲ್ಲ. ಬರೆದವಳು ಹತ್ತೊಂಬತ್ತು ವರ್ಷದ ಹುಡುಗಿಯಾದರೆ, ಆಕೆಯಿಂದಾಗಿ ಸರದಿ ಕಳೆದುಕೊಂಡ ಐದಾರು ಸಹಪಾಠಿಗಳ ಮುಖವನ್ನೂ ಆಕೆ ಅದೇ ಹಾಸ್ಟೆಲಿನಲ್ಲಿ ನೋಡಬೇಕು.

ಇದು ನೈತಿಕತೆಯ ಪ್ರಶ್ನೆ ಮಾತ್ರವೆಂದು ನನಗೆ ಅನಿಸುವುದಿಲ್ಲ, ವ್ಯವಸ್ಥೆಯ ಪ್ರಶ್ನೆಯೂ ಹೌದು. ದರ್ಜೆ ನೀಡುವಾಗ ಸುರಕ್ಷತೆಯನ್ನೂ ಡಿಜಿಸಿಎ ಗಣನೆಗೆ ತೆಗೆದುಕೊಂಡಿದೆ, ಒಳ್ಳೆಯದೇ. ಆದರೆ ಅಪಘಾತಗಳ ಎಣಿಕೆಯಷ್ಟೇ ಸುರಕ್ಷತೆಯಾದರೆ ಬರೆಯದಿರುವ ಶಾಲೆಗೇ ಹೆಚ್ಚು ಅಂಕ ಸಿಕ್ಕೀತು. ಒಂದು ಶಾಲೆಯ ಪುಸ್ತಕದಲ್ಲಿ ತಿಂಗಳಿಗೆ ಮೂವತ್ತು ಸ್ನ್ಯಾಗ್‌ಗಳಿವೆ, ಇನ್ನೊಂದರಲ್ಲಿ ಎರಡೇ ಇವೆ ಎಂದರೆ ನಾನು ನನ್ನ ಸೊಸೆಯನ್ನು ಮೂವತ್ತಿರುವ ಶಾಲೆಗೇ ಕಳುಹಿಸುತ್ತೇನೆ. ತಂದೆತಾಯಿಯರು ಶುಲ್ಕ ಕಟ್ಟುವ ಮುನ್ನ ಕೇಳಬಹುದಾದ ಪ್ರಶ್ನೆಗಳೂ ಇಲ್ಲಿಂದಲೇ ಹುಟ್ಟುತ್ತವೆ. ಇಷ್ಟು ವಿಮಾನಗಳಿಗೆ ಪರವಾನಗಿಯುಳ್ಳ ನಿರ್ವಹಣಾ ಇಂಜಿನಿಯರುಗಳು ಎಷ್ಟು ಮಂದಿ? ಉಪಕರಣ ಮತ್ತು ವಿದ್ಯುತ್ ವಿಭಾಗದವರು ಅಲ್ಲಿಯೇ ಇರುತ್ತಾರೆಯೇ, ಅಥವಾ ಬೇರೆ ಊರಿನಿಂದ ವಾರಕ್ಕೊಮ್ಮೆ ಬರುತ್ತಾರೆಯೇ? ಒಂದೇ ದೋಷ ಮೂರು ಸಲ ಬಂದರೆ ಅದನ್ನು ಪ್ರತ್ಯೇಕವಾಗಿ ಗುರುತಿಸುವ ಪದ್ಧತಿ ಇದೆಯೇ? ಉತ್ತರ ಕೊಡಲು ತಡವರಿಸುವ ಶಾಲೆಯ ಸ್ವಾಗತಕಕ್ಷೆ ಎಷ್ಟೇ ತಂಪಾಗಿದ್ದರೂ ಅಲ್ಲಿಂದ ಎದ್ದು ಬರುವುದು ಮೇಲು.

ಇನ್ನು ನನ್ನ ಸೊಸೆಯ ವಿಷಯ. ಆಕೆಗೆ ನಾನು ಹೇಳಿದ್ದು ಎರಡು ಮಾತು. ಒಂದು, ಹಾರುವ ಮುನ್ನ ನೀನೇ ಏಣಿ ಹತ್ತಿ ಎರಡೂ ಟ್ಯಾಂಕಿಗೆ ಅಳತೆಕೋಲು ಇಳಿಸಿ ನೋಡು. ಮುಳ್ಳು ಏನೇ ಹೇಳಲಿ, ಎಷ್ಟು ಗಂಟೆಗೆ ಎಷ್ಟು ಖರ್ಚಾಗುತ್ತದೆಂಬುದನ್ನು ಗಡಿಯಾರ ನೋಡಿ ಲೆಕ್ಕವಿಡು. ಎರಡು, ಪುಸ್ತಕದಲ್ಲಿ 'ಮಾಪಕ ಸರಿಯಿಲ್ಲ' ಎಂದು ಬರೆಯಬೇಡ. ಅದಕ್ಕೆ ಸಿಗುವ ಉತ್ತರ 'ತೃಪ್ತಿಕರ' ಎಂಬುದೇ. ಯಾವ ಟ್ಯಾಂಕು, ಯಾವ ಸ್ವಿಚ್ಚು ಹಾಕಿದಾಗ, ಎಲ್ಲಿಂದ ಎಲ್ಲಿಗೆ ಬಿತ್ತು, ಆರಿಸಿದಾಗ ಹಿಂದಿರುಗಿತೇ, ಬಲಗಡೆಯ ಮುಳ್ಳು ಆಗ ಏನು ಮಾಡುತ್ತಿತ್ತು: ಇಷ್ಟನ್ನೂ ಬರೆ. ಹಾಗೆ ಬರೆದ ದೋಷವನ್ನು ದೀಪ ಹಾಕದೆ ಪರೀಕ್ಷಿಸಿ ಸಹಿ ಮಾಡಲು ಯಾವ ಇಂಜಿನಿಯರಿಗೂ ಕೈ ಬರುವುದಿಲ್ಲ.

"ಬರೆದರೆ ಎಲ್ಲರಿಗೂ ಸಿಟ್ಟು ಬರ್ತದೆ ಮಾವ," ಎಂದಳು.

"ಬರಲಿ ಮಗಾ. ಸಿಟ್ಟು ಎರಡು ದಿನದ್ದು," ಎಂದೆ. ಹೇಳುವುದು ಸುಲಭ, ಹಾಸ್ಟೆಲಿನಲ್ಲಿ ಇರುವವಳು ಅವಳು.

ಮೊದಲ ಸಲ ಬರೆದಾಗ ಬಂದದ್ದು ಹಳೆಯ ಉತ್ತರವೇ. ಎರಡನೆಯ ಸಲ ಮಾಪಕವನ್ನು ಬದಲಿಸಿದರು. ಹೊಸ ಮಾಪಕದ ಮುಳ್ಳೂ ಹಾಗೆಯೇ ಬಿತ್ತು. ಮೂರನೆಯ ಸಲ, ಬೇರೊಂದು ಕಡೆಯಿಂದ ಬಂದಿದ್ದ ವಯಸ್ಸಾದ ಇಂಜಿನಿಯರೊಬ್ಬರು ಆಕೆಯನ್ನೇ ಕರೆಸಿ, ಎಂಜಿನ್ ಓಡಿಸಿ, ದೀಪ ಹಾಕಿಸಿ, ರೆಕ್ಕೆಯ ಬುಡದಲ್ಲಿ ಮೀಟರ್ ಹಿಡಿದರಂತೆ. ಹಿಂದೆಂದೋ ರೆಕ್ಕೆಗೆ ಹೊಸ ಬಣ್ಣ ಬಳಿದಾಗ ಬೆಸುಗೆಪಟ್ಟಿಯ ತಿರುಪಿನ ಕೆಳಗೂ ಬಣ್ಣ ಹರಿದಿತ್ತು. ಕೆರೆದು, ಒರೆಸಿ, ಹೊಸ ವಾಷರ್ ಹಾಕಿ ಬಿಗಿದರು. ಅರ್ಧ ಗಂಟೆಯ ಕೆಲಸ. ಸಂಜೆ ಆಕೆ ಲಾಗ್ ಪುಸ್ತಕದ ಆ ಪುಟದ ಚಿತ್ರ ಕಳುಹಿಸಿದಳು. ಕೆಳಗೆ ಆ ಇಂಜಿನಿಯರ ಸಹಿ, ಅದರ ಮೇಲೆ ಅಚ್ಚುಕಟ್ಟಾದ ಅಕ್ಷರದಲ್ಲಿ ದೀಪ ಉರಿಯುವಾಗ ಅಳೆದ ವೋಲ್ಟಿನ ಅಂಕಿ, ಸರಿಪಡಿಸುವ ಮೊದಲಿನದೂ ಅನಂತರದ್ದೂ.